ಅಣ್ಣ ಮೋಸದಿಂದ ಮನೆ ಬರೆಸಿಕೊಂಡ. ಕ್ಷಮಿಸುವುದೆಂದರೆ ಕೇಸು ಹಿಂತೆಗೆದುಕೊಳ್ಳಲೇಬೇಕೇ?

ಚಿಕ್ಕಮಗಳೂರಿನ ಮಗಳು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ವಂದನೆ. ಜಗಳ ಆಸ್ತಿಯದು, ಆದರೆ ನನ್ನ ಪ್ರಶ್ನೆ ನಂಬಿಕೆಯದು. ಅದಕ್ಕಾಗಿ ಇಲ್ಲಿ ಕೇಳುತ್ತಿದ್ದೇನೆ.

ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಮನೆ ಅಮ್ಮನಿಗೆ, ಅಣ್ಣನಿಗೆ, ನನಗೆ ಸೇರಿದ್ದು. ಪಿಂಚಣಿಗೆ ಸಹಿ ಬೇಕು ಎಂದು ಹೇಳಿ ಅಣ್ಣ ಅಮ್ಮನನ್ನು ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ್ದಾನೆ. ಮನೆ ಕಂದಾಯ ಕಟ್ಟಲು ಹೋದಾಗ ಖಾತೆ ಅವನೊಬ್ಬನ ಹೆಸರಿಗೆ ಆಗಿರುವುದು ತಿಳಿಯಿತು. ನಕಲು ತೆಗೆಸಿ ನೋಡಿದೆ. ಪತ್ರದಲ್ಲಿ ನನ್ನ ಹೆಸರಿದೆ, ನನ್ನ ವಯಸ್ಸಿದೆ, ಪಕ್ಕದಲ್ಲಿರುವ ಫೋಟೊ ಮಾತ್ರ ನನ್ನದಲ್ಲ. ಯಾರೋ ಹೆಂಗಸು, ಬೊಟ್ಟಿಲ್ಲದೆ, ಸೆರಗು ಹೊದ್ದು ಕುಳಿತಿದ್ದಾಳೆ.

ಪೊಲೀಸರಿಗೆ ದೂರು ಕೊಟ್ಟೆವು, ಸಿವಿಲ್ ದಾವೆಯನ್ನೂ ಹಾಕಿದೆವು. ಅಂದಿನಿಂದ ನಮ್ಮ ಚರ್ಚ್ ಸಭೆಯ ಹಿರಿಯರು ಮನೆಗೆ ಬಂದು ಹೇಳುವುದು ಒಂದೇ ಮಾತು: "ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಸುಟ್ಟವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು. ನಿಮಗೆ ಒಂದು ಮನೆಯನ್ನು ಬಿಡಲು ಆಗುವುದಿಲ್ಲವೇ? ಮನಸ್ಸಿನಲ್ಲಿ ವೈರ ಇಟ್ಟುಕೊಂಡು ಪ್ರಭುಭೋಜನಕ್ಕೆ ಹೇಗೆ ಬರುತ್ತೀರಿ?" ಅಮ್ಮ ಆಮೇಲೆ ಪ್ರಭುಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವುದಕ್ಕೆ, ಎದ್ದು ಹೋಗುವುದನ್ನೇ ಬಿಟ್ಟಿದ್ದಾರೆ. ಕೊನೆಯ ಬೆಂಚಿನಲ್ಲಿ ಕುಳಿತು ಬರುತ್ತಾರೆ. ಅಣ್ಣ ಮುಂದಿನ ಸಾಲಿನಲ್ಲಿ ಕುಳಿತು, ಎದ್ದು ಹೋಗಿ ರೊಟ್ಟಿ ತೆಗೆದುಕೊಳ್ಳುತ್ತಾನೆ.

ಕರ್ತನಾದ ಯೇಸು ಹೇಳಿದ ಕ್ಷಮೆ ಇದೇ ಏನು? ತಿಳಿದವರು ಹೇಳಿ.

ಬೀದರ್ ಕೋಟೆ

ಹಿಂತೆಗೆದುಕೊಳ್ಳಬೇಡಿ ಅಕ್ಕಾ. ಕ್ಷಮೆ ಬೇರೆ, ಖಾತೆ ಬೇರೆ.

ಅಡಿಕೆ ತೋಟ

ಬೀದರಿನವರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು. ಅಷ್ಟು ಸುಲಭವಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೇ ಅಧ್ಯಾಯ ಓದಿ. ಸಹೋದರ ಸಹೋದರನ ಮೇಲೆ ವ್ಯಾಜ್ಯ ಹೂಡಿ, ಅದನ್ನೂ ನಂಬಿಕೆಯಿಲ್ಲದವರ ಮುಂದೆ ಒಯ್ಯುತ್ತೀರಾ ಎಂದು ಅಪೊಸ್ತಲ ಪೌಲ ಗದರಿಸುತ್ತಾನೆ. ಅದಕ್ಕಿಂತ ಅನ್ಯಾಯವನ್ನೇ ಸಹಿಸಬಾರದೇಕೆ, ನಷ್ಟವನ್ನೇ ತಾಳಬಾರದೇಕೆ ಎಂದು ಕೇಳುತ್ತಾನೆ. ಅಂಗಿ ಕೇಳಿದವನಿಗೆ ಮೇಲಂಗಿಯನ್ನೂ ಬಿಟ್ಟುಕೊಡು ಎಂದ ಕರ್ತನ ಮಾತು ಕೂಡ ವ್ಯಾಜ್ಯದ ಬಗ್ಗೆಯೇ ಇದೆ, ಮತ್ತಾಯ 5:40.

ನಮ್ಮ ತಂದೆಯ ವಿಷಯ ಹೇಳುತ್ತೇನೆ. ಚಿಕ್ಕಪ್ಪ ಬೇಲಿ ಸರಿಸಿ ತೋಟದ ಒಂದು ಪಟ್ಟಿಯನ್ನೇ ಒಳಗೆ ಹಾಕಿಕೊಂಡರು. ಫಸಲು ಕೊಡುವ ಮರಗಳು. ಸರ್ವೆ ಮಾಡಿಸೋಣ ಎಂದು ನಾವು ಮಕ್ಕಳು ಹಟ ಹಿಡಿದೆವು. ತಂದೆ ಒಪ್ಪಲಿಲ್ಲ. ಆ ವರ್ಷ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಬೇಲಿಯ ಆಚೆಗೆ ಹೋದ ಆ ಮರಗಳಿಗೂ ಹೊಡೆಸಿದರು. ಚಿಕ್ಕಪ್ಪ ಜಗಲಿಯಲ್ಲಿ ನಿಂತು ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ. ಬಹಳ ವರ್ಷಗಳ ನಂತರ ತಂದೆ ಹಾಸಿಗೆ ಹಿಡಿದಾಗ ರಾತ್ರಿ ಪಕ್ಕದಲ್ಲಿ ಕುಳಿತು ನೋಡಿಕೊಂಡವರು ಅದೇ ಚಿಕ್ಕಪ್ಪ. ಸರ್ವೆಯವರು ಬಂದು ಕಲ್ಲು ನೆಟ್ಟಿದ್ದರೆ ಜಮೀನು ಸಿಗುತ್ತಿತ್ತು, ತಮ್ಮ ಸಿಗುತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು

ಅಡಿಕೆ ತೋಟದವರ ತಂದೆಗೆ ನನ್ನ ನಮಸ್ಕಾರ. ಅಂಥವರು ಇದ್ದದ್ದರಿಂದಲೇ ಯೇಸುವಿನ ಪರ್ವತಪ್ರಸಂಗ ಬರೀ ಪುಸ್ತಕದ ಮಾತಾಗಿ ಉಳಿದಿಲ್ಲ. ಆದರೆ ಅವರು ಹೇಳಿದ ಅಧ್ಯಾಯವನ್ನು ಪೂರ್ತಿ ಓದೋಣ.

ಪೌಲ ಅಲ್ಲಿ "ಸುಮ್ಮನಿರಿ" ಎಂದು ಆರಂಭಿಸುವುದಿಲ್ಲ. ಸಹೋದರರ ನಡುವಿನ ವ್ಯಾಜ್ಯ ತೀರಿಸಬಲ್ಲ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಐದನೆಯ ವಚನದಲ್ಲಿ ಸಭೆಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಸಭೆಯೇ ಕುಳಿತು ನ್ಯಾಯ ತೀರಿಸಬೇಕು ಎಂಬುದು ಅವನ ಬೇಡಿಕೆ. ಏಳನೆಯದರಲ್ಲಿ ನಷ್ಟ ತಾಳಿರಿ ಎನ್ನುತ್ತಾನೆ, ನಿಜ. ಎಂಟನೆಯದರಲ್ಲಿ ತಿರುಗಿ, ನೀವೇ ಅನ್ಯಾಯ ಮಾಡುತ್ತೀರಿ, ಅಪಹರಿಸುತ್ತೀರಿ, ಅದೂ ಸಹೋದರರಿಗೆ ಎಂದು ಕೇಳುತ್ತಾನೆ. ಚಿಕ್ಕಮಗಳೂರಿನ ಹಿರಿಯರು ಏಳನೆಯ ವಚನವನ್ನು ತಾಯಿಗೆ ಓದಿ ಹೇಳಿದರು. ಎಂಟನೆಯದನ್ನು ಮುಂದಿನ ಸಾಲಿನಲ್ಲಿ ಕುಳಿತವನಿಗೆ ಓದಿ ಹೇಳಿದವರು ಯಾರು?

ಪ್ರಭುಭೋಜನದ ಮಾತು ಇನ್ನೂ ನೋವಿನದು. ಯಜ್ಞವೇದಿಯ ಹತ್ತಿರ ಕಾಣಿಕೆ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಮತ್ತಾಯ 5:23-24ರಲ್ಲಿ ಹೇಳಿದ್ದು ಯಾರಿಗೆ? ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ದೂರು ಇದೆಯೆಂದು ನೆನಪಾದವನಿಗೆ. ಇಲ್ಲಿ ದೂರು ಇರುವುದು ತಾಯಿಗೆ, ಎದ್ದು ಹೋಗಬೇಕಾದವನು ಮಗ. ತಾಯಿಯನ್ನು ಕೊನೆಯ ಬೆಂಚಿಗೆ ಕೂರಿಸಿದ್ದು ಆ ವಚನವನ್ನು ತಲೆಕೆಳಗು ಮಾಡಿದಂತೆ.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ಈ ವಿಷಯದಲ್ಲಿ ನನಗೆ ಬಹಳ ಸಿಟ್ಟಿದೆ, ಅದನ್ನು ಮುಚ್ಚಿಟ್ಟು ಬರೆಯುವುದಿಲ್ಲ.

ನಮ್ಮ ಅಕ್ಕನಿಗೆ ಗಂಡ ಹೊಡೆಯುತ್ತಿದ್ದ. ತವರಿಗೆ ಬಂದಾಗಲೆಲ್ಲ "ಇನ್ನೊಂದು ಕೆನ್ನೆ ತೋರಿಸಬೇಕಮ್ಮ, ಪ್ರಾರ್ಥನೆಯಿಂದ ಗೆಲ್ಲಬೇಕು" ಎಂದು ಬುದ್ಧಿ ಹೇಳಿ ವಾಪಸು ಕಳಿಸಿದರು. ಕೊನೆಗೆ ಮೊಣಕೈ ಮುರಿದುಕೊಂಡು ಬಂದಳು. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದವಳು ನಾನೇ. ಈಗಿನ ಏಟಿನ ಪಕ್ಕದಲ್ಲಿ ಹಳೆಯದೊಂದು ಬಿರುಕು ಕೂಡಿಕೊಂಡಿದ್ದ ಗುರುತು ಕಾಣುತ್ತಿತ್ತು. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮತ್ತೆ ಅವಳನ್ನು ಕಳಿಸಲಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶ ತೆಗೆದುಕೊಂಡೆವು. ವರ್ಷಗಳು ಕಳೆದ ಮೇಲೆ ಅವನಿಗೆ ಕಿಡ್ನಿ ಕೆಟ್ಟಿತು. ಡಯಾಲಿಸಿಸ್ ಬಿಲ್ಲಿನಲ್ಲಿ ಒಂದನ್ನು ಅಕ್ಕ ಯಾರಿಗೂ ಹೇಳದೆ ಕಟ್ಟಿದಳು. ಅವನ ಮನೆಗೆ ಮಾತ್ರ ಹೋಗಲಿಲ್ಲ. ಅವಳು ಕ್ಷಮಿಸಿದ್ದಾಳೋ ಇಲ್ಲವೋ ಎಂದು ಈಗ ಯಾರಾದರೂ ನನ್ನನ್ನು ಕೇಳಲಿ.

ಬೋಳಾರದವನು

ರಾತ್ರಿಪಾಳಿ ಅಕ್ಕ, ಕೆನ್ನೆಯ ವಚನವನ್ನು ಹೊಡೆಸಿಕೊಳ್ಳುವ ಆಜ್ಞೆಯೆಂದು ಓದುವುದೇ ಸರಿಯಲ್ಲ. ಯೇಸು ಹೇಳಿದ್ದು ಬಲಗೆನ್ನೆ. ಎದುರು ನಿಂತವನು ಬಲಗೈಯಲ್ಲಿ ಬಲಗೆನ್ನೆಗೆ ಹೊಡೆಯಬೇಕಾದರೆ ಅಂಗೈಯ ಹಿಂಭಾಗದಿಂದಲೇ ಹೊಡೆಯಬೇಕು. ಅದು ಅವಮಾನದ ಏಟು. ಮಿಷ್ನಾ ಎಂಬ ಯೆಹೂದ್ಯರ ನ್ಯಾಯಸಂಗ್ರಹದಲ್ಲಿ ಕೆನ್ನೆಗೆ ಹೊಡೆದರೆ 200 ಜೂಜ್ (ಬೆಳ್ಳಿ ನಾಣ್ಯ) ದಂಡ, ಅಂಗೈಯ ಹಿಂಭಾಗದಿಂದ ಹೊಡೆದರೆ 400. ಅವಮಾನಕ್ಕೆ ಅವಮಾನ ತೀರಿಸಬೇಡ ಎಂಬುದು ಆ ಮಾತಿನ ತಿರುಳು. ಜೀವಕ್ಕೆ ಅಪಾಯವಿರುವ ಮನೆಯಲ್ಲಿ ಬಿದ್ದಿರು ಎಂದು ಅಲ್ಲಿ ಎಲ್ಲಿಯೂ ಇಲ್ಲ.

ಸ್ವತಃ ಯೇಸುವಿಗೆ ಮಹಾಯಾಜಕನ ಮುಂದೆ ಕಾವಲುಗಾರನೊಬ್ಬ ಹೊಡೆದಾಗ ಅವರು ತಿರುಗಿ ಹೊಡೆಯಲಿಲ್ಲ. ಸುಮ್ಮನೂ ಇರಲಿಲ್ಲ. ನಾನು ತಪ್ಪಾಗಿ ಮಾತನಾಡಿದ್ದರೆ ಸಾಕ್ಷಿ ಕೊಡು, ಸರಿಯಾಗಿ ಮಾತನಾಡಿದ್ದರೆ ಯಾಕೆ ಹೊಡೆದೆ ಎಂದು ಕೇಳಿದರು, ಯೋಹಾನ 18:23.

ಅಡಿಕೆ ತೋಟ

ಹೆಂಡತಿಯನ್ನು ಹೊಡೆಯುವವನ ಮನೆಗೆ ಅವಳನ್ನು ಕಳಿಸಿ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಪ್ರಾಣದ ಪ್ರಶ್ನೆ ಬೇರೆ, ಆಸ್ತಿಯ ಪ್ರಶ್ನೆ ಬೇರೆ. ತಂದೆಯ ಆಸ್ತಿಯಲ್ಲಿ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಎಂದು ಒಬ್ಬ ಬಂದು ಬೇಡಿಕೊಂಡಾಗ ಯೇಸು ಏನೆಂದರು? ನನ್ನನ್ನು ನಿಮಗೆ ಪಾಲುಗಾರನನ್ನಾಗಿ ನೇಮಿಸಿದವರು ಯಾರು ಎಂದು ಕೇಳಿ, ಲೋಭದ ಬಗ್ಗೆ ಎಚ್ಚರಿಸಿದರು. ಲೂಕ 12ನೇ ಅಧ್ಯಾಯ. ಚಿಕ್ಕಮಗಳೂರಿನ ತಂಗಿಯ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ವಚನ ಬೇರೆ ಇಲ್ಲ.

ಬೀದರ್ ಕೋಟೆ

ಇದೆ. ನಾಬೋತನ ದ್ರಾಕ್ಷಿತೋಟ. ರಾಣಿ ಈಜೆಬೆಲ್ ಅರಸನ ಹೆಸರಿನಲ್ಲಿ ಪತ್ರ ಬರೆದು ಅರಸನ ಮುದ್ರೆ ಒತ್ತಿ, ಸುಳ್ಳುಸಾಕ್ಷಿ ನಿಲ್ಲಿಸಿ ತೋಟ ಕಬಳಿಸಿದಳು. ಮುದ್ರೆ ಅಸಲಿ, ಕಾಗದ ಸುಳ್ಳು. ಆಗ ದೇವರು ನಾಬೋತನ ಮನೆಯವರಿಗೆ ಕ್ಷಮಿಸಿ ಎಂದು ಹೇಳಿ ಕಳಿಸಲಿಲ್ಲ. ಪ್ರವಾದಿ ಎಲೀಯನನ್ನು ಅರಸ ಅಹಾಬನ ಎದುರಿಗೆ ಕಳಿಸಿದನು.

ವಕೀಲ, ಮೈಸೂರು

ನಾನು ಕ್ರೈಸ್ತನಲ್ಲ, ವಚನಗಳ ವಾದಕ್ಕೆ ಇಳಿಯುವುದಿಲ್ಲ. ಕಾನೂನಿನ ಮಾತು ಮಾತ್ರ ಹೇಳುತ್ತೇನೆ.

ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆಯಾಗುತ್ತದೆ. ಪತ್ನಿಗೆ ಮೂರನೇ ಒಂದು ಭಾಗ, ಉಳಿದ ಮೂರನೇ ಎರಡು ಭಾಗ ಮಕ್ಕಳಿಗೆ ಸಮಪಾಲು, ಗಂಡು ಹೆಣ್ಣು ಎಂಬ ಭೇದವಿಲ್ಲ. ಹಾಗಾಗಿ ನಿಮ್ಮ ಮನೆಯಲ್ಲಿ ಮೂವರಿಗೂ ಸಮಪಾಲು ಬರುತ್ತದೆ.

ಸಿವಿಲ್ ದಾವೆಯನ್ನು ಯಾವ ಹಂತದಲ್ಲಾದರೂ ರಾಜಿ ಮಾಡಿಕೊಳ್ಳಬಹುದು. ಮಧ್ಯಸ್ಥಿಕೆ ಕೇಂದ್ರ ಇದೆ, ಲೋಕ ಅದಾಲತ್ ಇದೆ. ಆದರೆ "ಕೇಸು ಹಿಂತೆಗೆಯಿರಿ" ಎನ್ನುವವರಿಗೆ ಒಂದು ವಿಷಯ ತಿಳಿದಿರಲಿ: ಮೋಸದ ಆರೋಪವನ್ನು ನ್ಯಾಯಾಲಯದ ಅನುಮತಿ ಪಡೆದು ರಾಜಿ ಮಾಡಿಕೊಳ್ಳಲು ಅವಕಾಶವಿದೆ, ಬೆಲೆಬಾಳುವ ದಾಖಲೆಯನ್ನು ನಕಲಿಯಾಗಿ ಸೃಷ್ಟಿಸಿದ ಆರೋಪ ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲೇ ಇಲ್ಲ. ಅಲ್ಲಿ ಫಿರ್ಯಾದಿ ಸರ್ಕಾರ. ಇನ್ನೊಂದು, ಪತ್ರ ರದ್ದುಪಡಿಸಲು ವಿಷಯ ತಿಳಿದ ದಿನದಿಂದ ಮೂರು ವರ್ಷದ ಕಾಲಮಿತಿ. ಈಗ ದಾವೆ ಹಿಂತೆಗೆದುಕೊಂಡು, ಅಣ್ಣ ಮನಸ್ಸು ಬದಲಾಯಿಸುತ್ತಾನೆ ಎಂದು ಕಾಯುತ್ತಾ ಕುಳಿತರೆ ಆ ಬಾಗಿಲು ಮುಚ್ಚಿಹೋಗಬಹುದು.

ಮೂಡುಬಿದಿರೆಯವಳು

ನಾನು ಜೈನಳು. ನಮ್ಮಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಆಚರಿಸುತ್ತೇವೆ, ಮನೆಮನೆಗೆ ಹೋಗಿ ಕ್ಷಮೆ ಕೇಳುತ್ತೇವೆ. ಹತ್ತು ಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮಾ. ಆದರೆ ಗಮನಿಸಿ, ಅಲ್ಲಿ ಎಲ್ಲರೂ ಬಾಯಿಬಿಟ್ಟು ಕ್ಷಮೆ *ಕೇಳುತ್ತಾರೆ*. ನಿಮ್ಮ ಚರ್ಚೆಯನ್ನು ಓದುತ್ತಿದ್ದರೆ ಕೇಳಬೇಕಾದವನು ಎಲ್ಲಿಯೂ ಕಾಣಿಸುತ್ತಲೇ ಇಲ್ಲ. ಅಣ್ಣ ಒಮ್ಮೆಯಾದರೂ ಕ್ಷಮೆ ಕೇಳಿದರೇ?

ಚಿಕ್ಕಮಗಳೂರಿನ ಮಗಳು

ಇಲ್ಲ. "ಅಮ್ಮನನ್ನು ನೋಡಿಕೊಳ್ಳುವವನು ನಾನು, ಮನೆ ನನ್ನ ಹೆಸರಿನಲ್ಲಿ ಇದ್ದರೇನು ತಪ್ಪು" ಎಂದು ಹಿರಿಯರ ಮುಂದೆ ಹೇಳಿದ. ಅಮ್ಮ ಈಗ ಇರುವುದು ನನ್ನ ಮನೆಯಲ್ಲಿ.

ಅಡಿಕೆ ತೋಟ

ಮೂಡುಬಿದಿರೆಯ ತಂಗಿ, ಕೇಳಿದ ಮೇಲೆ ಕ್ಷಮಿಸುವುದಾದರೆ ಕ್ರಿಸ್ತನ ಕ್ಷಮೆಯ ವಿಶೇಷವೇನು? ಶುಭ ಶುಕ್ರವಾರ ಶಿಲುಬೆಯ ಏಳು ಮಾತುಗಳನ್ನು ಧ್ಯಾನಿಸುತ್ತೇವೆ. ಮೊದಲನೆಯ ಮಾತೇ "ತಂದೆಯೇ, ಅವರಿಗೆ ಕ್ಷಮಿಸು". ಮೊಳೆ ಹೊಡೆದವರು ಯಾರೂ ಆಗ ಕ್ಷಮೆ ಕೇಳಿರಲಿಲ್ಲ, ಕೆಳಗೆ ಕುಳಿತು ಬಟ್ಟೆಗೆ ಚೀಟು ಹಾಕುತ್ತಿದ್ದರು. ಸಭೆಯ ಮೊದಲ ಹುತಾತ್ಮ ಸ್ತೆಫನನೂ ಕಲ್ಲೇಟು ಬೀಳುತ್ತಿರುವಾಗಲೇ ಹಾಗೆ ಪ್ರಾರ್ಥಿಸಿದ. ನಾವು ಅದನ್ನು ಕಷ್ಟವೆಂದು ಒಪ್ಪಿಕೊಳ್ಳೋಣ, ಆದರೆ ಅದನ್ನು ಇಳಿಸಿ ಹೇಳುವುದು ಬೇಡ.

ನಿವೃತ್ತ ಮೇಷ್ಟ್ರು

ಇಳಿಸಿ ಹೇಳಬಾರದು, ಒಪ್ಪಿದೆ. ಎಷ್ಟು ಸಾರಿ ಕ್ಷಮಿಸಬೇಕು ಎಂದು ಶಿಷ್ಯ ಪೇತ್ರ ಕೇಳಿದಾಗ ಬಂದ ಉತ್ತರ ಏಳೆಪ್ಪತ್ತು ಸಾರಿ. ಆದಿಕಾಂಡದ ನಾಲ್ಕನೇ ಅಧ್ಯಾಯದಲ್ಲಿ ಲೆಮೆಕನು ಇದೇ ಏಳು ಎಪ್ಪತ್ತರ ಲೆಕ್ಕದಲ್ಲಿ ಸೇಡಿನ ಹಾಡು ಹೇಳಿ ಹೆಂಡತಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾನೆ. ಯೇಸು ಆ ಲೆಕ್ಕವನ್ನು ಹಿಡಿದು ಕ್ಷಮೆಯ ಕಡೆಗೆ ತಿರುಗಿಸಿದರು. ಅದರ ಹಿಂದೆಯೇ ಸಾಲಗಾರ ಆಳಿನ ಸಾಮ್ಯ ಬರುತ್ತದೆ. ಅರಸನಿಗೆ ಅವನು ಕೊಡಬೇಕಾದದ್ದು ಹತ್ತು ಸಾವಿರ ತಲಾಂತು. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಆರು ಕೋಟಿ ದಿನಗಳ ಕೂಲಿಯ ಸಾಲ ಮನ್ನಾ ಆಗಿದೆ, ಅವನು ಹೊರಗೆ ಬಂದು ನೂರು ದಿನಾರಿಗಾಗಿ ಜೊತೆಯ ಆಳಿನ ಕುತ್ತಿಗೆ ಹಿಸುಕುತ್ತಾನೆ.

ಆದರೆ ಈ ಸಾಮ್ಯವಿರುವ ಮತ್ತಾಯ 18ನೇ ಅಧ್ಯಾಯದಲ್ಲಿಯೇ, ಇದಕ್ಕೆ ಕೆಲವೇ ವಚನಗಳ ಮೊದಲು, ಸಹೋದರ ತಪ್ಪು ಮಾಡಿದರೆ ಏನು ಮಾಡಬೇಕು ಎಂದೂ ಇದೆ. ಮೊದಲು ಅವನೊಬ್ಬನೇ ಇರುವಾಗ ಹೋಗಿ ತಪ್ಪನ್ನು ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಏಳೆಪ್ಪತ್ತನ್ನೂ ಈ ಮೂರು ಮೆಟ್ಟಿಲುಗಳನ್ನೂ ಹೇಳಿದವರು ಒಬ್ಬರೇ. ತಪ್ಪನ್ನು ತಪ್ಪೆಂದು ಹೆಸರಿಟ್ಟು ಕರೆಯುವುದು ಕ್ಷಮೆಗೆ ಅಡ್ಡಿ ಎಂದು ಅವರಿಗೆ ಅನಿಸಲಿಲ್ಲ.

ಬೋಳಾರದವನು

ಗ್ಲಾಡಿಸ್ ಸ್ಟೇನ್ಸ್ ಹೆಸರನ್ನು ಎತ್ತಿದ್ದರಿಂದ ಅದನ್ನೂ ಸರಿಯಾಗಿ ಹೇಳಬೇಕು. 1999ರ ಜನವರಿ 22ರ ರಾತ್ರಿ ಒಡಿಶಾದ ಕೆಂದುಝರ್ ಜಿಲ್ಲೆಯ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ ವಾಹನದಲ್ಲಿ ಮಲಗಿದ್ದಾಗ ಬೆಂಕಿ ಹಚ್ಚಿ ಕೊಂದರು. ಗ್ಲಾಡಿಸ್ ಕ್ಷಮಿಸಿದೆನೆಂದರು, ದೇಶ ಬಿಟ್ಟು ಓಡಲಿಲ್ಲ, ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಪದ್ಮಶ್ರೀ ಬಂತು.

ಅವರ ಕ್ಷಮೆಯಿಂದ ವಿಚಾರಣೆ ನಿಂತಿತೇ? ಇಲ್ಲ. ಸಿಬಿಐ ತನಿಖೆ ನಡೆಯಿತು. ಮುಖ್ಯ ಅಪರಾಧಿ ದಾರಾ ಸಿಂಗ್‌ಗೆ 2003ರಲ್ಲಿ ಮರಣದಂಡನೆಯಾಯಿತು, 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ತಾಯಿ ಬಿಟ್ಟುಕೊಟ್ಟದ್ದು ತಮ್ಮ ದ್ವೇಷವನ್ನು. ಅಷ್ಟು ದೊಡ್ಡ ಹೆಸರನ್ನು ಒಬ್ಬ ವಿಧವೆಯ ಬಾಯಿ ಮುಚ್ಚಿಸಲು ಬಳಸುವುದನ್ನು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ದುಬೈ ಕನ್ನಡಿಗ

ಸಿಸ್ಟರ್ ರಾಣಿ ಮರಿಯಾ ಅವರ ವಿಷಯವೂ ಹಾಗೆಯೇ. ಮಧ್ಯಪ್ರದೇಶದಲ್ಲಿ ಬಡ ಆದಿವಾಸಿಗಳನ್ನು ಸಂಘಟಿಸಿದ್ದಕ್ಕೆ 1995ರ ಫೆಬ್ರವರಿ 25ರಂದು ಇಂದೋರಿಗೆ ಹೋಗುವ ಬಸ್ಸಿನಲ್ಲಿಯೇ ಇರಿದು ಕೊಂದರು. ಕೊಂದವನು ಸಮಂದರ್ ಸಿಂಗ್. ರಾಣಿ ಮರಿಯಾ ಅವರ ತಂಗಿ, ಅದೇ ಸನ್ಯಾಸಿನಿ ಸಭೆಯ ಸಿಸ್ಟರ್ ಸೆಲ್ಮಿ ಪಾಲ್, 2002ರಲ್ಲಿ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅವನು ಪಶ್ಚಾತ್ತಾಪ ಪಟ್ಟ, ಬಿಡುಗಡೆಯಾದ ಮೇಲೆ ಕೇರಳಕ್ಕೆ ಹೋಗಿ ಅವರ ತಾಯಿಯನ್ನು ಕಂಡ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು (ಸಂತ ಪದವಿಗೆ ಮೊದಲಿನ ಹಂತ) ಘೋಷಿಸಿದರು. ಕೊಲೆಗೂ ರಾಖಿಗೂ ನಡುವೆ ಏಳು ವರ್ಷ ಹಿಡಿಯಿತು. "ಮುಂದಿನ ಭಾನುವಾರದೊಳಗೆ ಕ್ಷಮಿಸಿ" ಎಂದು ಅವಸರ ಮಾಡುವವರು ಈ ಏಳು ವರ್ಷವನ್ನು ನೆನಪಿಡಲಿ.

ಕೋಲಾರದ ಚಿನ್ನ

ಎಲ್ಲರೂ ಕ್ಷಮೆ ಮತ್ತು ಕೋರ್ಟು ಎಂದು ಎರಡು ದಡ ಮಾಡಿಕೊಂಡು ಕೂಗಾಡುತ್ತಿದ್ದೀರಿ. ಅಮೆರಿಕದ ಮಾಂಟ್‌ಗೊಮೆರಿಯ ಬಸ್ ಬಹಿಷ್ಕಾರ ನೋಡಿ. 1956ರ ಜನವರಿ 30ರಂದು ಮಾರ್ಟಿನ್ ಲೂಥರ್ ಕಿಂಗ್ ಮನೆಗೆ ಬಾಂಬ್ ಹಾಕಿದರು. ಹೆಂಡತಿ, ಎಳೆಗೂಸು ಒಳಗಿದ್ದರು. ಆಯುಧ ಹಿಡಿದು ಸಿಟ್ಟಿನಲ್ಲಿ ಸೇರಿದ್ದ ಜನರಿಗೆ ಅವರು ಜಗಲಿಯಲ್ಲಿ ನಿಂತು, ವೈರಿಗಳನ್ನು ಪ್ರೀತಿಸಿ, ಮನೆಗೆ ಹೋಗಿ ಎಂದರು. ಅದರ ಬೆನ್ನಿಗೇ, ಫೆಬ್ರವರಿ 1ರಂದು, ಬಸ್ಸಿನಲ್ಲಿ ಕರಿಯರ ಮೇಲಿನ ಭೇದಭಾವದ ವಿರುದ್ಧ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. 381 ದಿನಗಳ ಬಹಿಷ್ಕಾರ ಮುಗಿದದ್ದು ಆ ದಾವೆ ಗೆದ್ದ ಮೇಲೆ.

ಬೀದರ್ ಕೋಟೆ

ಪೌಲ ಕೂಡ ಫಿಲಿಪ್ಪಿಯ ಸೆರೆಮನೆಯಿಂದ ಗುಟ್ಟಾಗಿ ಹೊರಗೆ ಹೋಗಲು ಒಪ್ಪಲಿಲ್ಲ. ವಿಚಾರಣೆಯಿಲ್ಲದೆ ರೋಮ್ ಪೌರರನ್ನು ಹೊಡೆದವರು ತಾವೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದ. ಅಪೊಸ್ತಲರ ಕೃತ್ಯಗಳು 16. ಕೊನೆಗೆ ಕೈಸರನಿಗೇ ಮನವಿ ಮಾಡಿಕೊಂಡ.

ರಾತ್ರಿಪಾಳಿ

ಇಷ್ಟೆಲ್ಲ ವಚನ ಓದಿದೆವು. ಚಿಕ್ಕಮಗಳೂರಿನ ತಂಗೀ, ಅಮ್ಮ ಏನು ಹೇಳುತ್ತಾರೆ? ಮೋಸ ಹೋದವರು ಅವರು. ಕ್ಷಮಿಸುವ ಹಕ್ಕು ಹಿರಿಯರದಲ್ಲ, ನಮ್ಮದಲ್ಲ, ನಿಮ್ಮದೂ ಪೂರ್ತಿಯಲ್ಲ.

ಚಿಕ್ಕಮಗಳೂರಿನ ಮಗಳು

ರಾತ್ರಿಪಾಳಿ ಅಕ್ಕ ಕೇಳಿದ ಮೇಲೆ ಅಮ್ಮನ ಪಕ್ಕ ಕುಳಿತು ಈ ಚರ್ಚೆಯನ್ನು ಓದಿ ಹೇಳಿದೆ. ಅಡಿಕೆ ತೋಟದವರ ತಂದೆಯ ಭಾಗ ಬಂದಾಗ ಇನ್ನೊಮ್ಮೆ ಓದು ಎಂದರು.

ಆಮೇಲೆ ಹೇಳಿದರು: "ಅವನು ಜೈಲಿಗೆ ಹೋಗುವುದು ನನಗೆ ಬೇಡ. ಮನೆ ಕೊಡಮ್ಮ ಎಂದು ಕೇಳಿದ್ದರೆ ನಾನೇ ಕೊಡುತ್ತಿದ್ದೆ. ನಿನ್ನ ಪಾಲನ್ನು ಕೊಡಲು ನನಗೆ ಹಕ್ಕಿಲ್ಲ, ನನ್ನದನ್ನು ಕೊಡುತ್ತಿದ್ದೆ. ಅವನು ಪಿಂಚಣಿ ಕಾಗದ ಎಂದ. ನಾನು ಕನ್ನಡಕ ಮರೆತು ಹೋಗಿದ್ದೆ, ಎಲ್ಲಿ ಸಹಿ ಹಾಕಬೇಕು ಎಂದು ಅವನೇ ನನ್ನ ಬೆರಳು ಹಿಡಿದು ತೋರಿಸಿದ. ಅದನ್ನು ಅವನು ನನ್ನ ಎದುರು ಬಂದು ಹೇಳಬೇಕು." ದಿನವೂ ಅವನಿಗಾಗಿ ಪ್ರಾರ್ಥನೆ ಮಾಡುತ್ತಾರೆ, ನನಗೆ ಕೇಳಿಸುತ್ತದೆ.

ಅಡಿಕೆ ತೋಟ

ತಂಗೀ, ಅಮ್ಮನಿಗೆ ನನ್ನ ವಂದನೆ ತಿಳಿಸಿ. ವ್ಯಾಜ್ಯಕ್ಕಿಂತ ನಷ್ಟ ತಾಳುವುದು ಮೇಲು ಎಂಬ ನನ್ನ ಮಾತನ್ನು ನಾನು ಬಿಡುವುದಿಲ್ಲ. ಆದರೆ ನಮ್ಮ ತಂದೆಗೆ ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಅವರು ತಾವಾಗಿಯೇ ಬಿಟ್ಟರು. ಹಿರಿಯರು ಬಂದು ಒತ್ತಾಯಿಸಿದ್ದರೆ ಅವರು ಬಿಡುತ್ತಿದ್ದರೋ ಇಲ್ಲವೋ. ಬೈಬಲಿನ ಸುಂಕದವನು ಜಕ್ಕಾಯನೂ ನೆನಪಾದ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದು ಅವನು ಹೇಳಿದ ಮೇಲೆಯೇ ಈ ಮನೆಗೆ ರಕ್ಷಣೆಯಾಯಿತು ಎಂಬ ಮಾತು ಬಂದದ್ದು. ನಿಮ್ಮ ಅಣ್ಣನಿಗೆ ಆ ಭಾಗವನ್ನು ಓದಿ ಹೇಳುವ ಹಿರಿಯರು ಬೇಕು.

ವಕೀಲ, ಮೈಸೂರು

ಅಮ್ಮ ಹೇಳಿದ್ದನ್ನು ನಿಮ್ಮ ವಕೀಲರಿಗೆ ಹಾಗೆಯೇ ಹೇಳಿ. ಸಿವಿಲ್ ದಾವೆಯನ್ನು ಮಧ್ಯಸ್ಥಿಕೆಗೆ ಕಳಿಸಿ ಎಂದು ನ್ಯಾಯಾಲಯವನ್ನು ಕೇಳಬಹುದು. ಅಲ್ಲಿ ಮಗ ತಾಯಿಯ ಎದುರಿಗೆ ಕುಳಿತು ಮಾತನಾಡಬೇಕಾಗುತ್ತದೆ, ದಾವೆಯೂ ಜೀವಂತವಾಗಿರುತ್ತದೆ. ಆದರೆ ಕ್ರಿಮಿನಲ್ ಪ್ರಕರಣ ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ ಎಂಬುದನ್ನು ಅಮ್ಮನಿಗೆ ಈಗಲೇ ತಿಳಿಸಿ, ಸುಳ್ಳು ಭರವಸೆ ಕೊಡಬೇಡಿ.

ನಿವೃತ್ತ ಮೇಷ್ಟ್ರು

ಹಿರಿಯರಲ್ಲಿ ಯಾರಾದರೂ ಆ ಪತ್ರವನ್ನು ನೋಡಿದ್ದಾರೆಯೇ?

ಚಿಕ್ಕಮಗಳೂರಿನ ಮಗಳು

ಇಲ್ಲ ಮೇಷ್ಟ್ರೇ. ಯಾರೂ ಕೇಳಲಿಲ್ಲ.

ನಿವೃತ್ತ ಮೇಷ್ಟ್ರು

ಹಾಗಾದರೆ ನಕಲನ್ನು ತೆಗೆದುಕೊಂಡು ಹೋಗಿ. ಮನೆಗೆ ಬಂದಾಗ ಅಲ್ಲ, ಸಭೆಯ ಕಮಿಟಿ ಕುಳಿತಿರುವಾಗ ಕೊಡಿ. ಫೋಟೊ ಇರುವ ಪುಟವನ್ನು ಮೇಲೆ ಇಡಿ. ಇದು ಮತ್ತಾಯ 18ರ ಮೂರನೆಯ ಮೆಟ್ಟಿಲು ಎಂದು ಹೇಳಿ.

ಬೀದರ್ ಕೋಟೆ

ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅಕ್ಕಾ. ಪ್ರಭುಭೋಜನಕ್ಕೂ ಹೋಗಲಿ. ತಡೆದವರನ್ನು ಯಾವ ವಚನ ಎಂದು ಕೇಳಿ.

ಚಿಕ್ಕಮಗಳೂರಿನ ಮಗಳು

ಕಮಿಟಿ ಮುಂದಿನ ವಾರ ಸೇರುತ್ತದೆ. ಕಾರ್ಯದರ್ಶಿಗೆ ಪತ್ರ ಬರೆದುಕೊಟ್ಟಿದ್ದೇನೆ, ತಾನೂ ಬರುತ್ತೇನೆ ಎಂದು ಅಮ್ಮ ಹೇಳಿದ್ದಾರೆ. ಕೇಸು ಹಿಂತೆಗೆದುಕೊಳ್ಳುತ್ತಿಲ್ಲ. ಏನಾಯಿತೆಂದು ಇಲ್ಲಿಯೇ ಬರೆಯುತ್ತೇನೆ.